ಮನೆಗೆ ಕಡಲು ನುಗ್ಗಿದ ಮೇಲೆ: ಮೇನ್ ರಾಜ್ಯದಲ್ಲಿ ನಮ್ಮ ಫ್ಲಡ್ ಇನ್ಶೂರೆನ್ಸ್ ಕಥೆ

ಬ್ಯಾಂಕು ಹಿಡಿದಿಟ್ಟುಕೊಂಡಿದ್ದ ಇನ್ಶೂರೆನ್ಸ್ ಹಣದ ಕೊನೆಯ ಕಂತು ಮೊನ್ನೆ ನಮ್ಮ ಖಾತೆಗೆ ಬಂತು. ಅಲ್ಲಿಗೆ 2024ರ ಜನವರಿಯ ಬಿರುಗಾಳಿಯ ಲೆಕ್ಕ ನಮ್ಮ ಪಾಲಿಗೆ ಮುಗಿಯಿತು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಮನೆ ಮಾಡಿಕೊಂಡಿರುವ ಕನ್ನಡದವರು ಈಗ ಕಡಿಮೆಯೇನಿಲ್ಲ. ಯಾರಾದರೂ ಒಬ್ಬರು ಮೊದಲೇ ಕೂರಿಸಿಕೊಂಡು ಇದನ್ನೆಲ್ಲ ಹೇಳಿದ್ದರೆ ನಮಗೆ ಅರ್ಧ ತಲೆನೋವು ಕಡಿಮೆಯಾಗುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ.

ನಮ್ಮ ಮನೆ ಇರುವುದು ಮೇನ್ ರಾಜ್ಯದ ಸಾಕೋ ಪಟ್ಟಣದ ಕ್ಯಾಂಪ್ ಎಲ್ಲಿಸ್‌ನಲ್ಲಿ. ಸಾಕೋ ನದಿ ಅಟ್ಲಾಂಟಿಕ್‌ಗೆ ಸೇರುವ ಜಾಗ ಅದು. ನಮ್ಮೂರ ಭಾಷೆಯಲ್ಲಿ ಹೇಳುವುದಾದರೆ ಅಳಿವೆ ಬಾಗಿಲು. ನಾನು ಹುಟ್ಟಿ ಬೆಳೆದದ್ದು ಮಂಗಳೂರಿನ ಆಚೆ ಸೋಮೇಶ್ವರದಲ್ಲಿ. ಹಾಗಾಗಿ ಇಲ್ಲಿಯ ತೊಂದರೆ ಏನು ಅಂತ ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನೇತ್ರಾವತಿಯ ಬಾಯಲ್ಲಿ ಕಲ್ಲಿನ ತಡೆಗೋಡೆ ಕಟ್ಟಿದ ಮೇಲೆ ಉಳ್ಳಾಲದ ಕಡೆ ಕಡಲ್ಕೊರೆತ ಹೇಗೆ ಜೋರಾಯಿತು ಅಂತ ನಮ್ಮ ಕಡೆಯವರಿಗೆಲ್ಲ ಗೊತ್ತು. ಇಲ್ಲಿ ಅದೇ ಕೆಲಸ 1860ರ ದಶಕದಲ್ಲೇ ಶುರುವಾಗಿದೆ. ಹಡಗು ಬರಲಿ ಅಂತ ಸೇನೆಯ ಎಂಜಿನಿಯರುಗಳು ನದಿಯ ಬಾಯಲ್ಲಿ ಕಲ್ಲಿನ ಜೆಟ್ಟಿ ಕಟ್ಟಿದರು. ಆಮೇಲೆ ಅದನ್ನು ಉದ್ದ ಮಾಡುತ್ತ ಹೋದರು. ತೆರೆಗಳು ಆ ಗೋಡೆಗೆ ಬಡಿದು, ಅದರ ಉದ್ದಕ್ಕೂ ಓಡಿ ಬಂದು, ಊರಿನ ಮುಂದಿನ ಮರಳನ್ನು ಉತ್ತರಕ್ಕೆ ತಳ್ಳುತ್ತವೆ. ಇಲ್ಲಿಂದ ಹೋದ ಮರಳು ಪೈನ್ ಪಾಯಿಂಟ್ ಎಂಬ ಇನ್ನೊಂದು ಬೀಚಿನಲ್ಲಿ ಸೇರಿ ಅದು ಬೆಳೆಯುತ್ತಿದೆ. ಕ್ಯಾಂಪ್ ಎಲ್ಲಿಸ್‌ನಲ್ಲಿ ಇದುವರೆಗೆ ಮೂವತ್ತಕ್ಕೂ ಹೆಚ್ಚು ಮನೆಗಳು ಕಡಲ ಪಾಲಾಗಿವೆ. ಹಾಗಾದರೆ ಇಲ್ಲೇಕೆ ಮನೆ ಕೊಂಡಿರಿ ಅಂತ ಕೇಳಬೇಡಿ. ಪೋರ್ಟ್‌ಲ್ಯಾಂಡ್‌ನಲ್ಲಿ ಇವರ (ನನ್ನ ಗಂಡನ) ಕೆಲಸ, ಕೈಗೆಟುಕಿದ ಬೆಲೆ, ಮತ್ತೆ ನನಗೆ ಕಡಲಿನ ಸದ್ದು ಬೇಕಿತ್ತು. ಅಷ್ಟೇ.

ಜನವರಿ 9ರ ರಾತ್ರಿ ಹಿಮ ಬಿತ್ತು. 10ನೇ ತಾರೀಕು ಬುಧವಾರ ಅದು ಮಳೆಯಾಯಿತು. ಆಗ್ನೇಯದಿಂದ ಗಾಳಿ. ಮೇನ್‌ನ ಕರಾವಳಿ ನೋಡುವುದೇ ಆ ಕಡೆಗೆ. ಹಾಗಾಗಿ ಗಾಳಿ ನೀರನ್ನು ನೇರವಾಗಿ ದಡಕ್ಕೆ ದಬ್ಬಿತು. ಮರುದಿನ ಅಮಾವಾಸ್ಯೆ. ಬಯಲುಸೀಮೆಯವರಿಗೆ ಎಳ್ಳಮಾವಾಸ್ಯೆ, ನಮಗೆ ದೊಡ್ಡ ಉಬ್ಬರದ ದಿನ. ಮಧ್ಯಾಹ್ನದ ಉಬ್ಬರಕ್ಕೆ ನಮ್ಮ ಗಲ್ಲಿಯಲ್ಲಿ ಮೊಣಕಾಲುದ್ದ ನೀರು ನಿಂತಿತು. ಪೆಮಾಕ್ವಿಡ್ ಪಾಯಿಂಟ್ ದೀಪಸ್ತಂಭದ ಪಕ್ಕದ ಗಂಟೆಮನೆ ಅವತ್ತೇ ಒಡೆಯಿತು. ನಮ್ಮ ಮನೆಯೊಳಗೆ ಮಾತ್ರ ನೀರು ಬರಲಿಲ್ಲ. ಸಂಜೆ ಅಮ್ಮನಿಗೆ ಫೋನ್ ಮಾಡಿದೆ. "ಅಮಾಸೆ ಇಳೀಲಿಕ್ಕೆ ಇನ್ನೂ ಎರಡು ಮೂರು ದಿನ ಉಂಟಲ್ಲ ಮಾರಾಯ್ತಿ, ಈಗಲೇ ಖುಷಿ ಪಡ್ಬೇಡ" ಅಂದರು.

ಅಮ್ಮ ಹೇಳಿದ ಹಾಗೇ ಆಯಿತು. 13ನೇ ತಾರೀಕು ಶನಿವಾರ ಎರಡನೇ ಬಿರುಗಾಳಿ ಬಂತು. ಗಾಳಿ ಬುಧವಾರದಷ್ಟು ಇರಲಿಲ್ಲ ಅಂತ ನನಗೆ ಅನಿಸಿತು. ಆದರೆ ಉಬ್ಬರ ದೊಡ್ಡದಿತ್ತು. ಮೊದಲ ಬಿರುಗಾಳಿ ಮರಳಿನ ದಿಬ್ಬವನ್ನು ಆಗಲೇ ತಿಂದುಹಾಕಿತ್ತು, ಎರಡನೆಯದಕ್ಕೆ ಅಡ್ಡವೇ ಇರಲಿಲ್ಲ. ಪೋರ್ಟ್‌ಲ್ಯಾಂಡ್‌ನ ಮಾಪಕದಲ್ಲಿ ಅವತ್ತು ನೀರು 14.57 ಅಡಿ ಮುಟ್ಟಿತು. 1978ರ ಫೆಬ್ರವರಿಯಲ್ಲಿ ಆಗಿದ್ದ 14.17 ಅಡಿಯ ದಾಖಲೆ ಮುರಿಯಿತು. ಈ ಅಂಕಿಯನ್ನು ನೆನಪಿಡಿ, ಮುಂದೆ ಅದೇ ನಮ್ಮನ್ನು ಕಾಪಾಡಿತು. ಸೌತ್ ಪೋರ್ಟ್‌ಲ್ಯಾಂಡ್‌ನ ವಿಲ್ಲರ್ಡ್ ಬೀಚಿನ ಹಳೆಯ ಮೀನುಗಾರರ ಗುಡಿಸಲುಗಳು ನೀರಿಗೆ ಜಾರಿ ಹೋದ ವಿಡಿಯೊ ನೀವೂ ನೋಡಿರಬಹುದು. ಅದು ಅದೇ ಮಧ್ಯಾಹ್ನದ್ದು.

ನಾವು ಬೆಳಗ್ಗೆಯೇ ಕಾರನ್ನು ಎತ್ತರದ ಜಾಗಕ್ಕೆ ಒಯ್ದು ನಿಲ್ಲಿಸಿದ್ದೆವು. ಮಗಳನ್ನು ಗೆಳೆಯರ ಮನೆಗೆ ಬಿಟ್ಟಿದ್ದೆವು. ಪಕ್ಕದ ಮನೆಯ ಅಜ್ಜ ಬಾಗಿಲು ಬಡಿದರು. ಏಡಿ, ಲಾಬ್‌ಸ್ಟರ್ ಹಿಡಿದು ಬದುಕಿದವರು. "ಮೇನ್ ಸ್ವಿಚ್ ಆಫ್ ಮಾಡಿದಿರಾ? ಎಣ್ಣೆ ಟ್ಯಾಂಕ್ ಕಟ್ಟಿದ್ದೀರಾ?" ಎರಡೇ ಪ್ರಶ್ನೆ. ಇಲ್ಲಿ ಮನೆ ಬೆಚ್ಚಗಿಡುವ ಬಾಯ್ಲರಿಗೆ ಎಣ್ಣೆ ಬೇಕು. ಆ ಟ್ಯಾಂಕ್ ನೀರಲ್ಲಿ ತೇಲಿ ಪೈಪ್ ಕಿತ್ತುಕೊಂಡರೆ ಮನೆಯೆಲ್ಲ ಎಣ್ಣೆ. ನಮ್ಮದನ್ನು ಪಟ್ಟಿ ಹಾಕಿ ಬಿಗಿದಿತ್ತು. ಎದುರುಮನೆಯವರದು ತೇಲಿತು. ಅವರ ಪಾಡು ಬೇಡ.

ನೀರು ಬಾಗಿಲಿನಿಂದ ಬರಲಿಲ್ಲ. ಕೆಳಗಿನಿಂದ ಬಂತು. ನಮ್ಮದು ಹಳೆಯ ಮನೆ, ನೆಲದ ಹಲಗೆಗಳ ಕೆಳಗೆ ಬಗ್ಗಿ ಓಡಾಡುವಷ್ಟು ಖಾಲಿ ಜಾಗ. ಬಾಯ್ಲರ್, ವೈರಿಂಗ್, ಬೆಚ್ಚಗಿಡಲು ತುಂಬಿದ ಹತ್ತಿಯಂಥ ಪದರ, ಎಲ್ಲ ಅಲ್ಲೇ. ಮೊದಲು ಅದು ತುಂಬಿತು. ಆಮೇಲೆ ಹಲಗೆಯ ಸಂದಿಯಿಂದ ನೀರು ಮೇಲೆ ಬಂತು. ಇಳಿತ ಶುರುವಾಗುವ ಹೊತ್ತಿಗೆ ಒಳಗೆ ಗೇಣುದ್ದ ನೀರು, ಅದರ ಕೆಳಗೆ ಬೂದುಬಣ್ಣದ ಮರಳು. ಮನೆಯ ಕಡಲ ಕಡೆಯ ಮೂಲೆಯಲ್ಲಿ ಕಂಬದ ಕೆಳಗಿನ ಮರಳು ಕೊಚ್ಚಿಹೋಗಿ ಮೂಲೆ ಸ್ವಲ್ಪ ಕುಸಿದಿತ್ತು. ಮರದ ಜಗಲಿ ಇರಲೇ ಇಲ್ಲ.

ಅವತ್ತು ರಾತ್ರಿ ನಾನು ಅತ್ತದ್ದು ಮನೆಗಲ್ಲ, ಚಳಿಗೆ. ಬಾಯ್ಲರ್ ಸತ್ತಿದೆ, ಹೊರಗೆ ಜನವರಿ. ಪೈಪಿನಲ್ಲಿ ಉಳಿದ ನೀರು ಹೆಪ್ಪುಗಟ್ಟಿದರೆ ಪೈಪ್ ಒಡೆಯುತ್ತದೆ, ಆಗ ಇನ್ನೊಂದು ಪ್ರವಾಹ. ಪ್ಲಂಬರ್ ಸಿಗಲಿಲ್ಲ. ಆ ಅಜ್ಜನೇ ಬಂದು ಎಲ್ಲ ನಲ್ಲಿ ತೆರೆದು, ಪೈಪ್ ಖಾಲಿ ಮಾಡಿಸಿದರು. ಚಳಿಗಾಲದ ಪ್ರವಾಹಕ್ಕೂ ನಮ್ಮ ಮಳೆಗಾಲದ ಪ್ರವಾಹಕ್ಕೂ ಇರುವ ವ್ಯತ್ಯಾಸ ಇದೇ. ನೀರು ಇಳಿದ ಮೇಲೂ ಗಂಟೆಯ ಮುಳ್ಳು ಓಡುತ್ತಿರುತ್ತದೆ.

ಈಗ ಕಾಗದದ ಕಥೆ.

ಮೊದಲು ಇದು ಗೊತ್ತಿರಲಿ. ಇಲ್ಲಿ ಮನೆಗೆ ಮಾಡಿಸುವ ಸಾಮಾನ್ಯ ಇನ್ಶೂರೆನ್ಸ್ ಪ್ರವಾಹಕ್ಕೆ ನಯಾಪೈಸೆ ಕೊಡುವುದಿಲ್ಲ. ಪ್ರವಾಹಕ್ಕೆ ಬೇರೆ ಪಾಲಿಸಿ ಬೇಕು. ಅದು ಹೆಚ್ಚಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಪ್ರವಾಹ ವಿಮಾ ಕಾರ್ಯಕ್ರಮದ್ದು. ನಡೆಸುವುದು ಫೆಮಾ ಎಂಬ ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆ, ಮಾರುವುದು ಖಾಸಗಿ ಕಂಪನಿಗಳು. ಕಟ್ಟಡಕ್ಕೆ ಹೆಚ್ಚೆಂದರೆ 2,50,000 ಡಾಲರ್, ಒಳಗಿನ ಸಾಮಾನಿಗೆ 1,00,000 ಡಾಲರ್. ಈ ಎರಡನ್ನೂ ಬೇರೆಬೇರೆಯಾಗಿ ಕೊಳ್ಳಬೇಕು. ಪ್ರವಾಹ ವಲಯದಲ್ಲಿ ಸಾಲ ಕೊಡುವ ಬ್ಯಾಂಕು ಕಟ್ಟಡದ ಪಾಲಿಸಿ ಕಡ್ಡಾಯ ಮಾಡುತ್ತದೆ. ನಿಮ್ಮ ಸೋಫಾದ ಚಿಂತೆ ಅದಕ್ಕಿಲ್ಲ. ಬಾಡಿಗೆ ಮನೆಯಲ್ಲಿ ಇರುವವರೂ ಸಾಮಾನಿನ ಪಾಲಿಸಿ ತೆಗೆದುಕೊಳ್ಳಬಹುದು, ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಹೊಸ ಪಾಲಿಸಿ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಕಾಯಬೇಕು. ಟಿವಿಯಲ್ಲಿ ಬಿರುಗಾಳಿಯ ನಕ್ಷೆ ಕಂಡ ಮೇಲೆ ಫೋನ್ ಮಾಡಿದರೆ ಪ್ರಯೋಜನವಿಲ್ಲ.

ಭಾನುವಾರವೇ ಕ್ಲೇಮ್ ನಂಬರ್ ತೆಗೆದುಕೊಂಡೆವು. ಫೋನ್ ಎತ್ತಿದ ಹುಡುಗಿ ಒಂದು ಒಳ್ಳೆಯ ಮಾತು ಹೇಳಿದಳು: ಏನನ್ನೂ ಎಸೆಯಬೇಡಿ, ಎಸೆಯಲೇಬೇಕಾದರೆ ಮೊದಲು ಫೋಟೊ. ಗೋಡೆಯ ಮೇಲಿನ ನೀರಿನ ಗೆರೆಯ ಪಕ್ಕ ಅಳತೆಪಟ್ಟಿ ಹಿಡಿದು ತೆಗೆಯಿರಿ. ಫ್ರಿಜ್, ಬಾಯ್ಲರ್, ವಾಷಿಂಗ್ ಮಷೀನ್‌ಗಳ ಮಾಡೆಲ್ ನಂಬರ್, ಸೀರಿಯಲ್ ನಂಬರ್ ತೆಗೆಯಿರಿ. ಕಾರ್ಪೆಟ್ಟಿನ ಒಂದು ತುಂಡು ಕತ್ತರಿಸಿ ಚೀಲದಲ್ಲಿ ಇಟ್ಟುಕೊಳ್ಳಿ. ಇನ್ನೊಂದು ವಿಷಯ ಆಮೇಲೆ ಪಕ್ಕದವರಿಂದ ತಿಳಿಯಿತು. ನಷ್ಟ ಅಳೆಯುವ ಅಡ್ಜಸ್ಟರ್ ಬರುವ ಮೊದಲೇ ಸ್ವಲ್ಪ ಮುಂಗಡ ಕೇಳಬಹುದು. 5,000 ಡಾಲರ್‌ವರೆಗೆ ಕೊಡುವ ವ್ಯವಸ್ಥೆ ಇದೆ, ಕೊನೆಯ ಲೆಕ್ಕದಲ್ಲಿ ಕಳೆಯುತ್ತಾರೆ. ನೀವೇ ಬಾಯಿಬಿಟ್ಟು ಕೇಳಬೇಕು ಅಷ್ಟೇ. ಬಿರುಗಾಳಿಗೆ ಮುಂಚೆ ಕೊಂಡ ಮರಳು ಚೀಲಗಳ ರಸೀದಿ ಇದ್ದರೆ ಅದಕ್ಕೂ ಒಂದು ಮಿತಿಯಲ್ಲಿ ಹಣ ಬರುತ್ತದೆ.

ಅಡ್ಜಸ್ಟರ್ ಎಂದರೆ ನಷ್ಟ ಅಳೆಯಲು ಕಂಪನಿ ಕಳಿಸುವ ಮನುಷ್ಯ. ಇಡೀ ಕರಾವಳಿ ಒದ್ದೆಯಾಗಿತ್ತಲ್ಲ, ಅವರು ಬರುವಷ್ಟರಲ್ಲಿ ಜನವರಿ ಮುಗಿಯುತ್ತ ಬಂದಿತ್ತು. ದಕ್ಷಿಣದ ರಾಜ್ಯದವರು, ಚಳಿಗೆ ನಡುಗುತ್ತಿದ್ದರು, ಚಹಾ ಕೊಟ್ಟೆ. ಅವರ ಗುರುತಿನ ಚೀಟಿ ನೋಡಿ. ಅವರು ನಿಮ್ಮಿಂದ ಹಣ ಕೇಳುವ ಹಾಗಿಲ್ಲ. ಕ್ಲೇಮ್ ಒಪ್ಪುವ, ತಳ್ಳಿಹಾಕುವ ಅಧಿಕಾರವೂ ಅವರಿಗಿಲ್ಲ. ಹಾಗಾಗಿ ಅವರ ಹತ್ತಿರ ಜಗಳಕ್ಕೆ ನಿಲ್ಲುವುದು ಸುಮ್ನೆ ಗಂಟಲು ನೋವು. ಅವರು ಮೊದಲು ಕೇಳಿದ್ದು 10ನೇ ತಾರೀಕು ಏನಾಯಿತು, 13ನೇ ತಾರೀಕು ಏನಾಯಿತು, ಬೇರೆಬೇರೆ ಹೇಳಿ ಅಂತ. ಎರಡೂ ದಿನದ ಫೋಟೊಗಳನ್ನು ದಿನಾಂಕದ ಜೊತೆ ಇಟ್ಟಿದ್ದು ಅನುಕೂಲವಾಯಿತು. ಒಳಗೆ ನೀರು ಬಂದದ್ದು ಶನಿವಾರ ಮಾತ್ರ ಅಂತ ತೋರಿಸಿದೆವು. ಎರಡು ದಿನವೂ ನಷ್ಟವಾಗಿದ್ದರೆ ಎರಡು ಕ್ಲೇಮ್, ಎರಡು ಸಲ ಡಿಡಕ್ಟಿಬಲ್, ಅಂದರೆ ನಷ್ಟದಲ್ಲಿ ನಾವೇ ಭರಿಸಬೇಕಾದ ಮೊದಲ ಪಾಲು, ಅಂತ ಅವರು ಹೇಳಿದರು. ಮಾಡಿನ ಶಿಂಗಲ್ ಹಾರಿಹೋದದ್ದು ಗಾಳಿಗೆ. ಅದು ಸಾಮಾನ್ಯ ಮನೆ ಇನ್ಶೂರೆನ್ಸ್‌ನ ಪಾಲು, ಅದಕ್ಕೆ ಇನ್ನೊಬ್ಬ ಅಡ್ಜಸ್ಟರ್. ಕಾರು ಮುಳುಗಿದವರಿಗೆ ಕಾರಿನ ಪಾಲಿಸಿ. ಒಂದೇ ಕಡಲು, ಕಿಸೆ ಮಾತ್ರ ನಾಲ್ಕಾರು.

ಸಾಮಾನಿನ ಪಟ್ಟಿ ಬರೆಯುವಾಗ ನಗು, ಅಳು ಎರಡೂ ಬಂತು. ಪ್ರತಿಯೊಂದಕ್ಕೂ ಯಾವಾಗ ಕೊಂಡದ್ದು, ಎಷ್ಟು ಕೊಟ್ಟದ್ದು, ಈಗ ಅಂಥದ್ದೇ ಕೊಂಡರೆ ಎಷ್ಟು, ಎಲ್ಲ ಬರೆಯಬೇಕು. ನಮ್ಮ ರುಬ್ಬುವ ಗ್ರೈಂಡರ್ ಏನು ಅಂತ ಅವರಿಗೆ ಅರ್ಥವಾಗಲಿಲ್ಲ. ಕಲ್ಲು ತಿರುಗುತ್ತದೆ, ಹಿಟ್ಟಾಗುತ್ತದೆ ಅಂದೆ. "ಅಡುಗೆಯ ಉಪಕರಣ, ಕಲ್ಲಿನದು" ಅಂತ ಬರೆದುಕೊಂಡರು. ರಸೀದಿ ಯಾರ ಹತ್ತಿರ ಇರುತ್ತದೆ ಹೇಳಿ? ನಮಗೆ ಉಪಕಾರ ಮಾಡಿದ್ದು ಚೌತಿ, ದೀಪಾವಳಿಯ ಫೋಟೊಗಳು. ನೆಂಟರ ಹಿಂದೆ ಟಿವಿ, ಸೋಫಾ, ಕಪಾಟು ಎಲ್ಲ ಕಾಣುತ್ತಿತ್ತು. ಮಗಳ ಹುಟ್ಟುಹಬ್ಬದ ವಿಡಿಯೊದಲ್ಲಿ ಇಡೀ ಅಡುಗೆಮನೆ ಇತ್ತು. ನೀವು ಇವತ್ತೇ ಫೋನ್ ಹಿಡಿದು ಮನೆಯ ಒಂದೊಂದು ಕೋಣೆಯಲ್ಲೂ ನಿಧಾನ ತಿರುಗಿ, ಕಪಾಟಿನ ಬಾಗಿಲು ತೆರೆದು ತೋರಿಸಿ ವಿಡಿಯೊ ಮಾಡಿಡಿ. ಹತ್ತು ನಿಮಿಷದ ಕೆಲಸ.

ಸಾಮಾನಿಗೆ ಕೊಡುವುದು ಹಳತಾದ ಬೆಲೆ. ಹತ್ತು ವರ್ಷದ ಮಂಚಕ್ಕೆ ಮಂಚದ ಒಂದು ಕಾಲು ಬರುವಷ್ಟು. ಒಡವೆ, ಕಲಾವಸ್ತು ಇಂಥವಕ್ಕೆಲ್ಲ ಸೇರಿಸಿ 2,500 ಡಾಲರ್ ಮಿತಿ. ಕಟ್ಟಡಕ್ಕೆ ಮಾತ್ರ, ಅದು ನೀವು ವಾಸವಿರುವ ಮನೆಯಾಗಿದ್ದು, ಬೆಲೆಗೆ ತಕ್ಕಷ್ಟು ಪಾಲಿಸಿ ಇದ್ದರೆ, ಹೊಸದಾಗಿ ಮಾಡಿಸುವ ಖರ್ಚು ಕೊಡುತ್ತಾರೆ. ಜಗಲಿ, ಬೇಲಿ, ಅಂಗಳ, ಗಿಡ, ಕೊಳಚೆ ಗುಂಡಿ ಯಾವುದೂ ಪಾಲಿಸಿಯಲ್ಲಿ ಇಲ್ಲ. ಮನೆಯೊಳಗಿನ ಮರಳು ತೆಗೆಸಲು ದುಡ್ಡು ಉಂಟು, ಅಂಗಳದ ಮರಳಿಗೆ ಇಲ್ಲ. ನೆಲಮಾಳಿಗೆ ಇರುವವರು ಕೇಳಿ, ಅಲ್ಲಿಟ್ಟ ಸಾಮಾನಿಗೆ ಬಹುಪಾಲು ಏನೂ ಸಿಗುವುದಿಲ್ಲ. ನಮಗೆ ಎಲ್ಲಕ್ಕಿಂತ ಹೊಡೆತ ಕೊಟ್ಟದ್ದು ಇದು: ಬೇರೆ ಕಡೆ ಇರುವ ಖರ್ಚಿಗೆ ಈ ಪಾಲಿಸಿಯಲ್ಲಿ ಒಂದು ಡಾಲರೂ ಇಲ್ಲ.

ನಾವು ಓಲ್ಡ್ ಆರ್ಚರ್ಡ್ ಬೀಚಿನಲ್ಲಿ ಒಂದು ಕೋಣೆ ಹಿಡಿದೆವು. ಬೇಸಿಗೆ ಊರು ಅದು. ಚಳಿಗಾಲದಲ್ಲಿ ಬಾಡಿಗೆ ಸೋವಿ. ಆದರೆ ಪ್ರವಾಸಿಗಳು ಬರುವ ಹೊತ್ತಿಗೆ ಖಾಲಿ ಮಾಡಬೇಕು ಅಂತ ಕರಾರಿನಲ್ಲೇ ಬರೆದಿರುತ್ತದೆ. ಬೇಸಿಗೆಯ ಬಾಡಿಗೆ ವಾರಕ್ಕೆ ಕೇಳಿದರೆ ಅದು ನಮ್ಮ ತಿಂಗಳ ಗೃಹಸಾಲದ ಕಂತಿಗಿಂತ ಜಾಸ್ತಿ. ಮೇ ತಿಂಗಳಲ್ಲಿ ಮತ್ತೆ ಗಂಟುಮೂಟೆ ಕಟ್ಟಿ ಬಿಡ್ಡಫರ್ಡ್‌ಗೆ ಹೋದೆವು. ಮಗಳ ಶಾಲೆ ಬಸ್ಸಿನ ದಾರಿ ಬದಲಾಯಿಸಲು ಮತ್ತೊಂದು ಅರ್ಜಿ.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಕುಸಿದ ಮೂಲೆ. ನೀರಿನ ನಷ್ಟದ ಬಗ್ಗೆ ಯಾರಿಗೂ ತಕರಾರು ಇರಲಿಲ್ಲ. ಮೂಲೆಯ ಬಗ್ಗೆ ಕಂಪನಿಯಿಂದ ಪತ್ರ ಬಂತು: ಇದು ನೆಲ ಸರಿದದ್ದರಿಂದ ಆಗಿರಬಹುದು, ನೆಲ ಸರಿಯುವುದು ಪಾಲಿಸಿಯಲ್ಲಿ ಬರುವುದಿಲ್ಲ, ಎಂಜಿನಿಯರ್ ನೋಡಬೇಕು. ಪಾಲಿಸಿಯ ಮಾತು ಹೀಗಿದೆ. ವರ್ಷವರ್ಷವೂ ನಿಧಾನವಾಗಿ ಆಗುವ ಕೊರೆತಕ್ಕೆ ಹಣವಿಲ್ಲ. ಆದರೆ ಎಂದಿನ ಏರಿಳಿತವನ್ನು ಮೀರಿದ ನೀರು, ತೆರೆ ಬಡಿದು ದಡದ ನೆಲ ಕುಸಿದರೆ ಅದನ್ನೂ ಪ್ರವಾಹ ಅಂತಲೇ ಲೆಕ್ಕ ಹಿಡಿಯುತ್ತಾರೆ. ಅಂದರೆ ನಾವು ಸಾಬೀತು ಮಾಡಬೇಕಾದ್ದು ಎರಡು. ಆ ಮೂಲೆ 13ನೇ ತಾರೀಕಿನ ಮೊದಲು ನೆಟ್ಟಗಿತ್ತು. ಅವತ್ತಿನ ನೀರು ಮಾಮೂಲಿ ನೀರಲ್ಲ.

ಎಂಜಿನಿಯರಿಗಾಗಿ ಕಾದೆವು. ಆ ಕಾಯುವಿಕೆಯಷ್ಟು ಬೇಸರದ್ದು ಬೇರೆ ಇರಲಿಲ್ಲ. ಮೂಲೆ ಮುಟ್ಟುವ ಹಾಗಿಲ್ಲ, ಮೂಲೆ ಮುಟ್ಟದೆ ನೆಲದ ಕೆಲಸ ಶುರುವಾಗದು. ಇವರು ರಾತ್ರಿ ಕೂತು ಕಾಗದ ಸೇರಿಸಿದರು. ಮನೆ ಕೊಂಡಾಗಿನ ತಪಾಸಣೆಯ ವರದಿ, ಹಿಂದಿನ ಬೇಸಿಗೆಯ ಫೋಟೊ, 10ನೇ ತಾರೀಕಿನ ಸಂಜೆ ನಾನು ಅಮ್ಮನಿಗೆ ತೋರಿಸಲು ತೆಗೆದ ವಿಡಿಯೊ. ಅದರಲ್ಲಿ ಮೂಲೆ ಗಟ್ಟಿಯಾಗಿ ನಿಂತಿತ್ತು! ಜೊತೆಗೆ ಪೋರ್ಟ್‌ಲ್ಯಾಂಡ್ ಮಾಪಕದ ಆ ದಿನದ ದಾಖಲೆ, ನೋವಾ ಎಂಬ ಸರ್ಕಾರಿ ಸಾಗರ-ಹವಾಮಾನ ಸಂಸ್ಥೆಯದು. 14.57 ಅಡಿ, ಅಲ್ಲಿ ದಾಖಲಾದ ಅತಿ ದೊಡ್ಡ ಉಬ್ಬರ. ಇದನ್ನು ಮಾಮೂಲಿ ಏರಿಳಿತ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಎಂಜಿನಿಯರ್ ವರದಿ ನಮ್ಮ ಕಡೆಗೇ ಬಂತು. ನೋವಾದ ಉಬ್ಬರದ ಅಂಕಿಗಳು ಅವರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ, ನಿಮ್ಮ ಹತ್ತಿರದ ಮಾಪಕದ್ದನ್ನು ಅವತ್ತೇ ತೆಗೆದಿಟ್ಟುಕೊಳ್ಳಿ.

ಈ ನಡುವೆ ಮರೆಯಬಾರದ ಕಾಗದ ಒಂದಿದೆ. ಪ್ರೂಫ್ ಆಫ್ ಲಾಸ್. ಇಷ್ಟು ನಷ್ಟವಾಗಿದೆ ಅಂತ ಪ್ರಮಾಣ ಮಾಡಿ ಸಹಿ ಹಾಕುವ ಹಾಳೆ. ನಷ್ಟವಾದ ದಿನದಿಂದ 60 ದಿನದೊಳಗೆ ಕಂಪನಿಗೆ ಮುಟ್ಟಬೇಕು. ನಮ್ಮ ಲೆಕ್ಕಕ್ಕೆ ಅದು ಮಾರ್ಚ್ 13. ಅಡ್ಜಸ್ಟರ್ ಸಾಮಾನ್ಯವಾಗಿ ತುಂಬಿಸಿ ಕೊಡುತ್ತಾರೆ, ಆದರೆ ಕೊಡದಿದ್ದರೆ ಅದು ನಿಮ್ಮ ತಲೆಮೇಲೆ. ಎಂಜಿನಿಯರ್ ವರದಿ ಬರಲಿ ಅಂತ ನಾವು ಕಾಯಲಿಲ್ಲ. ಒಪ್ಪಿದ್ದಕ್ಕೆ ಒಂದು ಕಳಿಸಿ, ಮೂಲೆಯದಕ್ಕೆ ಹೆಚ್ಚುವರಿ ಅಂತ ಇನ್ನೊಂದು ಕಳಿಸಿದೆವು.

ನಗರಸಭೆಯ ಕಟ್ಟಡ ಅಧಿಕಾರಿಯ ಕೆಲಸ ಬೇರೆ. ಅವರು ನೋಡುವುದು ರಿಪೇರಿ ಖರ್ಚು ಕಟ್ಟಡದ ಮಾರುಕಟ್ಟೆ ಬೆಲೆಯ ಅರ್ಧ ದಾಟುತ್ತದಾ ಅಂತ. ಜಾಗದ ಬೆಲೆ ಸೇರಿಸುವ ಹಾಗಿಲ್ಲ. ದಾಟಿದರೆ ಇಡೀ ಮನೆಯನ್ನು ಈಗಿನ ಪ್ರವಾಹ ನಿಯಮದ ಪ್ರಕಾರ ಎತ್ತರಿಸಬೇಕು. ಅದಕ್ಕೆ ಪಾಲಿಸಿಯಲ್ಲಿ 30,000 ಡಾಲರ್‌ವರೆಗೆ ಬೇರೆ ಹಣ ಉಂಟು, ಆದರೆ ಮನೆ ಎತ್ತುವ ಖರ್ಚು ಅದಕ್ಕಿಂತ ಎಷ್ಟೋ ಜಾಸ್ತಿ. ನಮ್ಮದು ಅರ್ಧಕ್ಕಿಂತ ಕೆಳಗೆ ನಿಂತಿತು. ಎದುರುಮನೆಯವರದು ದಾಟಿತು. ಅವರ ಮನೆ ಈಗಲೂ ಖಾಲಿ.

ಕಟ್ಟಡದ ಚೆಕ್ ಬಂದಾಗ ಕುಣಿದಾಡಿದೆವು. ಆಮೇಲೆ ಹೆಸರು ನೋಡಿದರೆ ಮೂರು: ಇವರದು, ನನ್ನದು, ಸಾಲ ಕೊಟ್ಟ ಬ್ಯಾಂಕಿನದು. ಬ್ಯಾಂಕು ಸಹಿ ಹಾಕದೆ ಚೆಕ್ ನಡೆಯದು. ಸಹಿ ಹಾಕುವ ಇಲಾಖೆ ಇನ್ನೊಂದು ರಾಜ್ಯದಲ್ಲಿ. ಚೆಕ್ಕನ್ನು ಅವರಿಗೆ ಅಂಚೆಯಲ್ಲಿ ಕಳಿಸಬೇಕು, ಅವರು ಮೂರು ಕಂತಿನಲ್ಲಿ ಬಿಡುತ್ತಾರೆ. ಗುತ್ತಿಗೆದಾರರ ಕರಾರು, ಅವರ ಇನ್ಶೂರೆನ್ಸ್ ಪತ್ರ, ತೆರಿಗೆ ಫಾರ್ಮ್, ಲೈಸೆನ್ಸ್ ನಂಬರ್ ಬೇಕು ಅಂದರು. ಇಲ್ಲೇ ಸಿಕ್ಕಿಬಿದ್ದದ್ದು. ಮೇನ್ ರಾಜ್ಯದಲ್ಲಿ ಎಲೆಕ್ಟ್ರಿಷಿಯನ್, ಪ್ಲಂಬರುಗಳಿಗೆ ಲೈಸೆನ್ಸ್ ಉಂಟು, ಸಾಮಾನ್ಯ ಕಟ್ಟಡ ಗುತ್ತಿಗೆದಾರರಿಗೆ ರಾಜ್ಯದ ಲೈಸೆನ್ಸೇ ಇಲ್ಲ! ಇಲ್ಲದ ನಂಬರನ್ನು ಎಲ್ಲಿಂದ ತರುವುದು? ಫೋನಿನಲ್ಲಿ ಪ್ರತಿ ಸಲ ಹೊಸಬರು, ಪ್ರತಿ ಸಲ ಅದೇ ಪ್ರಶ್ನೆ. ಕೊನೆಗೆ ಗುತ್ತಿಗೆದಾರರ ಹತ್ತಿರ, ಈ ರಾಜ್ಯದಲ್ಲಿ ಅಂಥ ಲೈಸೆನ್ಸ್ ಇಲ್ಲ ಅಂತ ಬರೆಸಿ ಸಹಿ ಹಾಕಿಸಿ ಕಳಿಸಿದ ಮೇಲೆ ಕಡತ ಮುಂದೆ ಹೋಯಿತು. ನೀವು ಮೇನ್‌ನಲ್ಲಿದ್ದರೆ ಈ ಪತ್ರವನ್ನು ಮೊದಲ ಲಕೋಟೆಯಲ್ಲೇ ಇಡಿ. ಮತ್ತೆ, ಇಲ್ಲಿಯ ಕಾನೂನಿನಲ್ಲಿ 3,000 ಡಾಲರ್ ದಾಟಿದ ಮನೆಕೆಲಸಕ್ಕೆ ಬರಹದ ಕರಾರು ಬೇಕು, ಮುಂಗಡ ಒಟ್ಟು ಮೊತ್ತದ ಮೂರನೇ ಒಂದು ಭಾಗ ಮೀರುವ ಹಾಗಿಲ್ಲ. ಬಿರುಗಾಳಿಯ ನಂತರ ಬಾಗಿಲಿಗೆ ಬಂದು ಅರ್ಧ ದುಡ್ಡು ಈಗಲೇ ಕೊಡಿ ಅನ್ನುವವರಿಗೆ ಇದನ್ನು ಹೇಳಿ, ಅವರೇ ಹೋಗುತ್ತಾರೆ.

ಬ್ಯಾಂಕಿನ ಕಂತಿಗೆ ಕಾಯಲಾಗದ್ದು ಬಾಯ್ಲರ್ ಒಂದೇ. ಅದಕ್ಕೆ ನಮ್ಮ ಉಳಿತಾಯದಿಂದ ಹತ್ತು ಸಾವಿರ ಡಾಲರಿಗೂ ಹೆಚ್ಚು ಹೋಯಿತು. ಆಮೇಲೆ ಬಂತು ಬಿಡಿ. ಊರಿಗೆ ಹೋಗುವ ಟಿಕೆಟ್ ಮಾತ್ರ ಆ ವರ್ಷ ರದ್ದಾಯಿತು.

ವೀಸಾದಲ್ಲಿ ಇರುವವರು ಮುಂದಿನದ್ದನ್ನು ಸರಿಯಾಗಿ ಓದಿ. 2024ರ ಮಾರ್ಚ್ 20ರಂದು ಅಧ್ಯಕ್ಷರು ಈ ಬಿರುಗಾಳಿಗಳನ್ನು ದೊಡ್ಡ ವಿಪತ್ತು ಅಂತ ಘೋಷಿಸಿದರು. ನಮ್ಮ ಯಾರ್ಕ್ ಕೌಂಟಿಯೂ ಅದರಲ್ಲಿ ಇತ್ತು. ಅಂದರೆ ಫೆಮಾದ ನೇರ ನೆರವಿಗೂ ಅರ್ಜಿ ಹಾಕಬಹುದು. ಇದು ಇನ್ಶೂರೆನ್ಸ್ ಅಲ್ಲ, ಬೇರೆಯೇ ಹಣ. ಇನ್ಶೂರೆನ್ಸ್‌ಗೆ ನಿಮ್ಮ ವೀಸಾ ಯಾವುದಾದರೂ ಪರವಾಗಿಲ್ಲ. ಈ ನೆರವಿಗೆ ಮಾತ್ರ ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಥರದ ಸ್ಥಾನ ಬೇಕು. ಎಚ್-1ಬಿ ಕೆಲಸದ ವೀಸಾ ನಡೆಯುವುದಿಲ್ಲ. ನಾವಿಬ್ಬರೂ ಅಷ್ಟರಲ್ಲೇ ಕೈಬಿಟ್ಟಿದ್ದೆವು. ಬಾಸ್ಟನ್ ಕಡೆಯ ಗೆಳತಿಯೊಬ್ಬಳು ಹೇಳಿದಳು, "ನಿಮ್ಮ ಮಗಳು ಇಲ್ಲೇ ಹುಟ್ಟಿದ್ದಲ್ವಾ? ಅವಳ ಹೆಸರಲ್ಲಿ ಹಾಕಿ" ಅಂತ. ನಿಜ. ಮನೆಯಲ್ಲಿ ಪ್ರಜೆಯಾದ ಚಿಕ್ಕ ಮಗು ಇದ್ದರೆ ಅದರ ಪರವಾಗಿ ತಂದೆತಾಯಿ ಅರ್ಜಿ ಹಾಕಬಹುದು. ಮಗುವಿನ ಸೋಶಿಯಲ್ ಸೆಕ್ಯುರಿಟಿ ನಂಬರ್ ಬೇಕು. ಮುಂದೆ ಗ್ರೀನ್ ಕಾರ್ಡಿಗೆ ತೊಂದರೆಯಾಗುತ್ತದಾ ಅಂತ ಇವರಿಗೆ ಭಯ. ಲಾಯರ್ ಹತ್ತಿರ ಕೇಳಿದೆವು, ವಿಪತ್ತು ನೆರವನ್ನು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ ಅಂದರು. ನಿಯಮ ಬದಲಾಗುತ್ತಿರುತ್ತದೆ, ನೀವೂ ಒಮ್ಮೆ ಕೇಳಿಕೊಂಡೇ ಸಹಿ ಹಾಕಿ.

ಇನ್ಶೂರೆನ್ಸ್ ಇದ್ದವರಿಗೆ ಫೆಮಾದ ಮೊದಲ ಪತ್ರದಲ್ಲಿ ಸದ್ಯಕ್ಕೆ ಅರ್ಹರಲ್ಲ ಅಂತ ಇರುವುದು ಸಾಮಾನ್ಯ. ಓದಿ ಕೈಚೆಲ್ಲಬೇಡಿ. ಕಂಪನಿ ಎಷ್ಟು ಕೊಟ್ಟಿತು, ಯಾವುದಕ್ಕೆ ಕೊಡಲಿಲ್ಲ ಅಂತ ತೋರಿಸುವ ಪತ್ರ ಕಳಿಸಿ ಅಂತ ಅದರ ಅರ್ಥ. ಒಂದೇ ನಷ್ಟಕ್ಕೆ ಎರಡು ಕಡೆಯಿಂದ ಹಣ ಕೊಡುವ ಹಾಗಿಲ್ಲ, ಅದಕ್ಕೆ. ನಮಗೆ ಸಿಕ್ಕಿದ್ದು ಬಾಡಿಗೆಯ ಒಂದು ಭಾಗ. ಇನ್ಶೂರೆನ್ಸ್ ಬಿಟ್ಟುಬಿಟ್ಟ ಜಾಗ ಅದೇ ಆದ್ದರಿಂದ ದೊಡ್ಡ ಉಪಕಾರವಾಯಿತು. ತುರ್ತು ಅಗತ್ಯಕ್ಕೆ 750 ಡಾಲರ್ ತಕ್ಷಣ ಕೊಡುವ ಹೊಸ ನಿಯಮದ ಬಗ್ಗೆ ಓದಿ ಖುಷಿಪಟ್ಟಿದ್ದೆ. ಅದು ಅನ್ವಯಿಸುವುದು ಮಾರ್ಚ್ 22 ಅಥವಾ ಆಮೇಲೆ ಘೋಷಿಸಿದ ವಿಪತ್ತುಗಳಿಗೆ. ನಮ್ಮದು 20ನೇ ತಾರೀಕು. ಏನು ಹೇಳುವುದು.

ಹೋದ ಮರಳಿಗೆ, ಹೋದ ನೆಲಕ್ಕೆ ಯಾರೂ ಕೊಡುವುದಿಲ್ಲ. ಪಾಲಿಸಿಯಲ್ಲಿ ನೆಲ ಸೇರಿಲ್ಲ. ಕಡಲ ಗೋಡೆ ಕಟ್ಟಿಕೊಳ್ಳೋಣ ಅಂದರೆ ಮೇನ್‌ನ ಮರಳು ದಿಬ್ಬದ ನಿಯಮದಲ್ಲಿ ಹೊಸ ಗೋಡೆಗೆ ಅನುಮತಿ ಇಲ್ಲ. ನನಗೆ ಆ ನಿಯಮದ ಮೇಲೆ ಸಿಟ್ಟಿಲ್ಲ. ಒಬ್ಬರು ಕಲ್ಲು ಹಾಕಿದರೆ ಕೊರೆತ ಪಕ್ಕದವರ ಅಂಗಳಕ್ಕೆ ಹೋಗುತ್ತದೆ. ಇದನ್ನು ನಾನು ಊರಿನಲ್ಲೇ ನೋಡಿದ್ದೇನೆ. ಮಸಾಚುಸೆಟ್ಸ್‌ನ ಸಾಲಿಸ್ಬರಿ ಬೀಚಿನವರು ಅದೇ ಚಳಿಗಾಲದಲ್ಲಿ ಸುಮಾರು 6,00,000 ಡಾಲರ್ ಕೂಡಿಹಾಕಿ 14,000 ಟನ್ ಮರಳಿನ ದಿಬ್ಬ ಹಾಕಿಸಿದರು. ಕೆಲಸ ಮುಗಿದು ಮೂರೇ ದಿನಕ್ಕೆ, ಮಾರ್ಚ್‌ನ ಬಿರುಗಾಳಿಗೆ ಅದರಲ್ಲಿ ಬಹುಪಾಲು ಹೋಯಿತು. ಜನ ನಕ್ಕರು. ದಿಬ್ಬ ಇಲ್ಲದಿದ್ದರೆ ಮನೆಗಳು ಹೋಗುತ್ತಿದ್ದವು ಅಂತ ಅಲ್ಲಿಯವರು ಹೇಳಿದರು. ನನಗೆ ನಗು ಬರಲಿಲ್ಲ.

ನಮ್ಮ ಕಡೆ ಆಗಬೇಕಾದ್ದು ಜೆಟ್ಟಿಯಿಂದಾದ ತೊಂದರೆಯನ್ನು ಸರಿಪಡಿಸುವ ಕೆಲಸ. 2024ರಲ್ಲೇ ಸಾಕೋ ನಗರಸಭೆ ಮತ್ತು ಸೇನೆಯ ಎಂಜಿನಿಯರುಗಳ ನಡುವೆ 45 ಮಿಲಿಯನ್ ಡಾಲರ್‌ನ ಒಪ್ಪಂದಕ್ಕೆ ಸಹಿ ಬಿತ್ತು. ಎಷ್ಟೋ ದಶಕ ಇದಕ್ಕಾಗಿ ಓಡಾಡಿದವರು ನಮ್ಮ ಗಲ್ಲಿಯಲ್ಲೇ ಇದ್ದಾರೆ. "ಕಲ್ಲು ನೀರಿಗೆ ಬಿದ್ದದ್ದು ಕಂಡ ಮೇಲೆ ನಂಬುತ್ತೇನೆ" ಅಂತ ಪಕ್ಕದ ಮನೆಯ ಅಜ್ಜ ಹೇಳುತ್ತಾರೆ. ಉಳ್ಳಾಲದಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ನೆರವಿನಲ್ಲಿ ಸಮುದ್ರದೊಳಗೆ ತೆರೆ ತಡೆಯುವ ರೀಫ್ ಹಾಕಿದಾಗ ನನ್ನ ಅಪ್ಪನೂ ಹೀಗೇ ಹೇಳುತ್ತಿದ್ದರು.

ನೀವು ಮನೆ ಮಾರುತ್ತೀರಾ ಅಂತ ಎಲ್ಲರೂ ಕೇಳುತ್ತಾರೆ. ಸದ್ಯಕ್ಕೆ ಇಲ್ಲ. ಹೊಸ ಬಾಯ್ಲರನ್ನು ಮೇಲಿನ ಕೋಣೆಯ ಮೂಲೆಗೆ ಏರಿಸಿದ್ದೇವೆ, ವೈರಿಂಗ್ ಎಲ್ಲ ಸೊಂಟದ ಎತ್ತರಕ್ಕೆ ಬಂದಿದೆ. ಫೆಮಾ ನೆರವು ಪಡೆದು ಪ್ರವಾಹ ವಲಯದಲ್ಲಿ ಇರುವವರು ಫ್ಲಡ್ ಪಾಲಿಸಿ ಬಿಡುವ ಹಾಗಿಲ್ಲ, ಬಿಟ್ಟರೆ ಮುಂದಿನ ಸಲ ನೆರವು ಸಿಗದು. ಹಾಗಾಗಿ ನವೀಕರಣದ ದಿನ ಎರಡೂ ಫೋನಿನಲ್ಲಿ ಅಲಾರಂ ಇಟ್ಟಿದ್ದೇವೆ. ಮನೆ ಕೊಳ್ಳುವ ಯೋಚನೆಯಲ್ಲಿ ಇರುವವರಿಗೆ ಒಂದು ಮಾತು. ಮೇನ್‌ನಲ್ಲಿ 2024ರಿಂದ ಮಾರುವವರು ಪ್ರವಾಹದ ವಿವರ ಹೇಳಬೇಕು ಅಂತ ಕಾನೂನು ಬಂದಿದೆ. ಹಿಂದೆ ಎಷ್ಟು ಕ್ಲೇಮ್ ಆಗಿದೆ ಅಂತ ಬಾಯಿಮಾತಲ್ಲಿ ಅಲ್ಲ, ಬರಹದಲ್ಲಿ ಕೇಳಿ ತೆಗೆದುಕೊಳ್ಳಿ. ನಾಳೆ ನಮ್ಮ ಮನೆಗೆ ಯಾರಾದರೂ ಬಂದರೂ ಕೊಡಲು ನಮ್ಮ ಹತ್ತಿರ ಎರಡು ದಪ್ಪ ಫೈಲುಗಳಿವೆ.